ಟರ್ಬೊ ಹೋಗಿಲ್ಲ, ಪ್ರೆಶರ್ ಬಿದ್ದೈತಿ: ಲೋಡ್ ಹಾಕಿದ್ರೆ ಡೀಸೆಲ್ ಗಾಡಿ ಯಾಕೆ ಎಳೆಯಲ್ಲ?

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ನಮ್ಮ ಪಿಕಪ್ ಗಾಡಿ ಕಥೆ.

ಕಳೆದ ಮಳೆಗಾಲದಲ್ಲಿ ಬಾಗಲಕೋಟೆಯಿಂದ ಇಳಕಲ್‌ಗೆ ಲೋಡ್ ಒಯ್ತಿದ್ದೆ. ಅಮೀನಗಡ ದಾಟಿದೆ, ಹುನಗುಂದ ಇನ್ನೇನು ಬಂತು ಅನ್ನೋವಾಗ ಒಂದು ಸಣ್ಣ ಏರಿನಲ್ಲಿ ಗಾಡಿ ಎಳೆಯೋದೇ ಬಿಡ್ತು. ಇಂಜಿನ್ ಲೈಟ್ ಹತ್ತಿತು. ಒಬ್ಬ ಮೆಕ್ಯಾನಿಕ್ 'ಟರ್ಬೊ ಹೋಗೈತಿ' ಅಂದ, ಇನ್ನೊಬ್ಬ 'ಪಂಪ್ ಬದಲಿಸ್ಬೇಕು' ಅಂದ. ರೇಟ್ ಕೇಳಿ ಅಪ್ಪ ಗಾಡಿ ಮಾರಿಬಿಡೋಣ ಅಂದ್ರು. ಕಂತು ಇನ್ನೂ ಮುಗಿದಿರಲಿಲ್ಲ.

ಆದರೆ ಹಿಂದಿನ ದಿನ ಇದೇ ಗಾಡಿ ಬಾದಾಮಿಗೆ ಖಾಲಿ ಹೋಗಿ ಚಲೋ ಓಡಿತ್ತು. ಗುಟ್ಟು ಇರೋದೇ ಅಲ್ಲಿ.

ಟರ್ಬೊ ಹೆಚ್ಚು ಗಾಳಿ ತುಂಬುತ್ತದೆ. ಅದಕ್ಕೆ ತಕ್ಕಷ್ಟು ಡೀಸೆಲ್ ಬೇಕು. ಟ್ಯಾಂಕಿನಿಂದ ಫಿಲ್ಟರ್, ಅಲ್ಲಿಂದ ಹೈ ಪ್ರೆಶರ್ ಪಂಪ್, ಆಮೇಲೆ ಕಾಮನ್ ರೈಲ್ ಅನ್ನೋ ಗಟ್ಟಿ ಕೊಳವೆ, ಕೊನೆಗೆ ಇಂಜೆಕ್ಟರ್. ಗಾಡಿ ನಿಂತಲ್ಲೇ ಇಂಜಿನ್ ಓಡುವಾಗ ರೈಲ್‌ನಲ್ಲಿ ಸುಮಾರು 300 ಬಾರ್ ಒತ್ತಡ ಸಾಕು. ಲೋಡ್ ಎಳೆಯುವಾಗ 1,600 ಬಾರ್‌ವರೆಗೂ ಬೇಕಾಗಬಹುದು. ಕಾರಿನ ಟೈರ್‌ನಲ್ಲಿ ಇರೋದು ಎರಡು ಬಾರ್ ಚಿಲ್ಲರೆ, ಅಷ್ಟೇ!

ಸೆನ್ಸರ್ ಈ ಒತ್ತಡ ಅಳೆದು ಇಸಿಯುಗೆ ಹೇಳುತ್ತದೆ. ಪಂಪಿನೊಳಗೆ ಎಷ್ಟು ಡೀಸೆಲ್ ಬಿಡಬೇಕು ಅನ್ನೋದನ್ನು ಇಸಿಯು ಒಂದು ವಾಲ್ವ್‌ನಿಂದ ಹಿಡಿತದಲ್ಲಿಡುತ್ತದೆ. ಕೆಲವು ಗಾಡಿಗಳಲ್ಲಿ ರೈಲ್ ಮೇಲೆ ಇನ್ನೊಂದು ವಾಲ್ವ್ ಇದ್ದು, ಹೆಚ್ಚಾದದ್ದನ್ನು ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಕೇಳಿದಷ್ಟು ಒತ್ತಡ ಸಿಗದಿದ್ದರೆ ಇಸಿಯು ಇಂಜಿನ್ ಉಳಿಸಲು ಪವರ್ ಕಡಿತ ಮಾಡುತ್ತದೆ. ಖಾಲಿ ಗಾಡಿಗೆ ಕಡಿಮೆ ಒತ್ತಡ ಸಾಲುತ್ತದೆ, ಹಾಗಾಗಿ ದೋಷ ಕಾಣಲ್ಲ.

ಮೂರನೆಯವರು ಸ್ಕ್ಯಾನರ್ ಹಚ್ಚಿದ್ರು. ಕೋಡ್ ಪಿ-0087, ಅಂದ್ರೆ ರೈಲ್ ಒತ್ತಡ ಕಮ್ಮಿ. ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು ಅಂತ ನೋಡಿದ್ರೆ ಅರ್ಧಕ್ಕರ್ಧ ವ್ಯತ್ಯಾಸ. ಟರ್ಬೊ ಒತ್ತಡ ಮಾತ್ರ ಸರಿಯಿತ್ತು. ಫಿಲ್ಟರ್ ಬಿಚ್ಚಿದ್ರೆ ಕೆಸರು, ನೀರು! ಫಿಲ್ಟರ್ ಬದಲಿಸಿ, ಟ್ಯಾಂಕ್ ತೊಳೆದ್ರು. ಗಾಡಿ ಎದ್ದು ಓಡ್ತು.

ನೀವೂ ಈ ಕ್ರಮ ಹಿಡೀರಿ: ಮೊದಲು ಫಿಲ್ಟರ್ ಮತ್ತು ನೀರು, ಆಮೇಲೆ ಪೈಪಿನಲ್ಲಿ ಗಾಳಿ ಎಳೀತಿದೆಯಾ ಅಂತ, ನಂತರ ಇಂಜೆಕ್ಟರ್ ರಿಟರ್ನ್ ಸೋರಿಕೆ, ವಾಲ್ವ್, ಸೆನ್ಸರ್ ವೈರ್. ಪಂಪ್ ಕಟ್ಟಕಡೆಗೆ.

ಇನ್ನೊಂದು ಮಾತು, ಜೀವದ ಮಾತು. ಹಳೆಯ ಮೈಕೋ ಪಂಪಿನ ಕಾಲದಲ್ಲಿ ಇಂಜಿನ್ ಓಡ್ತಿರುವಾಗಲೇ ಇಂಜೆಕ್ಟರ್ ನಟ್ ಸಡಿಲಿಸಿ ನೋಡುವ ರೂಢಿ ಇತ್ತು. ಕಾಮನ್ ರೈಲ್‌ನಲ್ಲಿ ಹಾಗೆ ಮಾಡಲೇಬೇಡಿ. ಸೋರಿಕೆ ಹುಡುಕಲು ಕೈ ಆಡಿಸಬೇಡಿ. ಆ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ನುಗ್ಗುತ್ತದೆ. ಗಾಯ ಚುಕ್ಕಿಯಷ್ಟೇ ಕಂಡರೂ, ನೋವಿಲ್ಲದಿದ್ದರೂ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ. ತಡವಾದರೆ ಬೆರಳೇ ಹೋಗಬಹುದು.

ಗಾಡಿ ಓಡಿಸೋ ಗೆಳೆಯರಿಗೆ ಈ ಸಂಚಿಕೆ ಕಳಿಸಿ. ಮತ್ತೆ ಸಿಗೋಣ ರೀ.