ಮನೆಯಂಗಳದಲ್ಲಿ ಕಾರಿಗೆ ಬಣ್ಣ: ಕೆಲಸವೆಷ್ಟು, ಖರ್ಚೆಷ್ಟು?

ಕಾರಿಗೆ ಬಣ್ಣ ಹೊಡೆಸುವುದು ಚಂದಕ್ಕಾಗಿ ಎಂದು ಬಹಳ ಜನ ತಿಳಿದಿದ್ದಾರೆ. ಚಂದ ಆಮೇಲಿನ ಮಾತು. ಕಾರಿನ ದೇಹ ತೆಳುವಾದ ಉಕ್ಕಿನ ಹಾಳೆ. ಬಣ್ಣ ಗಟ್ಟಿಯಾಗಿರುವವರೆಗೆ ನೀರು, ಗಾಳಿ ಆ ಹಾಳೆಯನ್ನು ಮುಟ್ಟುವುದಿಲ್ಲ. ಬಣ್ಣ ಎದ್ದುಹೋದ ಕಡೆ ತುಕ್ಕು ಶುರುವಾಗುತ್ತದೆ. ಕೆಲವು ಮಳೆಗಾಲ ಹಾಗೇ ಬಿಟ್ಟರೆ ಆ ಜಾಗದಲ್ಲಿ ತೂತು ಬೀಳುತ್ತದೆ.

ಬಳ್ಳಾರಿ, ವಿಜಯನಗರ ಜಿಲ್ಲೆಯ ನಮಗೆ ಇದು ಬೇಗ ಅರ್ಥವಾಗಬೇಕು. ಸಂಡೂರಿನ ಬೆಟ್ಟಗಳ ಕೆಂಪು ಅದಿರು ಎಂದರೆ ಕಬ್ಬಿಣ ಮತ್ತು ಆಮ್ಲಜನಕ ಕೂಡಿದ ಆಕ್ಸೈಡ್. ತೋರಣಗಲ್ಲಿನ ಕಾರ್ಖಾನೆಯಲ್ಲಿ ಅದಿರಿನಿಂದ ಆಮ್ಲಜನಕವನ್ನು ಬೇರ್ಪಡಿಸಿ ಉಕ್ಕು ಮಾಡುತ್ತಾರೆ. ಕಾರಿಗೆ ಬೇಕಾದ ಹಾಳೆಗಳೂ ಅಲ್ಲಿ ತಯಾರಾಗುತ್ತವೆ. ಆ ಉಕ್ಕಿಗೆ ನೀರು, ಗಾಳಿ ಒಟ್ಟಿಗೆ ಸಿಕ್ಕರೆ ಅದು ಮತ್ತೆ ಆಕ್ಸೈಡ್ ಆಗುತ್ತದೆ. ತುಕ್ಕು ಎಂದರೆ ಇದೇ. ಕಬ್ಬಿಣ ತಾನು ಬಂದ ಮಣ್ಣಿಗೆ ವಾಪಸ್ ಹೊರಟಂತೆ. ಅದನ್ನು ತಡೆದು ನಿಲ್ಲಿಸುವುದು ಬಣ್ಣದ ಕೆಲಸ.

ಉಜ್ಜಿನಿಯ ನಮ್ಮ ಮನೆಯಲ್ಲಿ ಒಂದು ಬಿಳಿ ಓಮ್ನಿ ಇದೆ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, ಮುಂದೆ ಓಮ್ನಿ ಎಂದಾಗಿ, 2019ರಲ್ಲಿ ತಯಾರಿಕೆ ನಿಂತ ಗಾಡಿ ಅದು. ವಾರಕ್ಕೆ ಎರಡು ಸಲ ದಾದಿಯನ್ನು ಡಯಾಲಿಸಿಸ್‌ಗೆ ಕೂಡ್ಲಿಗಿಗೆ ಕರೆದುಕೊಂಡು ಹೋಗುವುದು ಅದರಲ್ಲೇ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ನಮ್ಮ ಗಾಡಿಗೆ ಆ ದಿನ ಹತ್ತಿರ ಬಂದಿತ್ತು. ಬಾಗಿಲುಗಳ ಕೆಳಭಾಗದಲ್ಲಿ ತುಕ್ಕು ಹರಡಿತ್ತು. ಒಂದು ಗ್ಯಾರೇಜಿನಲ್ಲಿ ಪೂರ್ತಿ ಬಣ್ಣಕ್ಕೆ 22,000 ರೂಪಾಯಿ ಕೇಳಿದರು, ಗಾಡಿ 10 ದಿನ ಬಿಡಬೇಕು ಎಂದರು. ದಾವಣಗೆರೆಯಲ್ಲಿ ಪೇಂಟರ್ ಆಗಿರುವ ನಮ್ಮ ಮಾಮು ಫೋನಿನಲ್ಲಿ ಹೇಳಿದ ಹಾಗೆ ನಾನು, ನನ್ನ ತಮ್ಮ ಆರು ವಾರಗಳಲ್ಲಿ ಮನೆಯಲ್ಲೇ ಈ ಕೆಲಸ ಮುಗಿಸಿದೆವು. ಮಾಡುವ ಕ್ರಮ ಮತ್ತು ಅದರ ಲೆಕ್ಕ ಇಲ್ಲಿದೆ.

ಮೊದಲು ಎರಡು ತೀರ್ಮಾನ

ಒಂದು, ಬಣ್ಣ ಬದಲಿಸಬೇಡಿ. ಬಿಳಿ ಗಾಡಿಗೆ ಬಿಳಿಯನ್ನೇ ಹೊಡೆದರೆ ಬಾಗಿಲಿನ ಒಳಅಂಚು, ಎಂಜಿನ್ ಜಾಗ ಇವನ್ನೆಲ್ಲ ಮುಟ್ಟಬೇಕಿಲ್ಲ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ಬದಲಾಗಬೇಕು, ಅದಕ್ಕೆ ಹೊಸಪೇಟೆಯ ಆರ್‌ಟಿಒ ಕಚೇರಿಗೆ ಓಡಾಡಬೇಕು. ಮಿಲಿಟರಿ ಗಾಡಿಯ ಆಲಿವ್ ಹಸಿರನ್ನಂತೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ನಾವು ಬಳಸುವಂತೆಯೇ ಇಲ್ಲ.

ಎರಡು, ಯಾವ ಜಾತಿಯ ಬಣ್ಣ ಎಂದು ಗೊತ್ತುಮಾಡಿಕೊಳ್ಳಿ. ನಮ್ಮ ಕಡೆ ಕಾರಿನ ಯಾವ ಬಣ್ಣಕ್ಕೂ ಡ್ಯೂಕೋ ಎನ್ನುತ್ತಾರೆ. ನಿಜದಲ್ಲಿ ಅದು ಅಮೆರಿಕದ ಡ್ಯೂಪಾಂಟ್ ಕಂಪನಿ 1920ರ ದಶಕದಲ್ಲಿ ತಂದ ಒಂದು ಬಣ್ಣದ ಹೆಸರು. ಅದಕ್ಕೂ ಮೊದಲು ಕಾರಿನ ಬಣ್ಣ ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. ಡ್ಯೂಕೋ ಬೇಗ ಒಣಗುತ್ತಿತ್ತು, ಏಕೆಂದರೆ ಅದರಲ್ಲಿನ ಥಿನ್ನರ್ ಹಾರಿಹೋದರೆ ಸಾಕು. ಈ ಜಾತಿಗೆ ಪೇಂಟರ್‌ಗಳು ಎನ್‌ಸಿ ಎನ್ನುತ್ತಾರೆ. ಅದಕ್ಕೆ ಕಂಪ್ರೆಸರ್ ಮತ್ತು ಗನ್ ಬೇಕು. ಸಿಂಥೆಟಿಕ್ ಎನಾಮೆಲ್ ಹಾಗಲ್ಲ. ಅದು ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ನಿಧಾನವಾಗಿ ಒಣಗುವುದರಿಂದ ರೋಲರಿನ ಗುರುತು ತಾನೇ ಹರಡಿ ಸಮವಾಗಲು ಸಮಯ ಸಿಗುತ್ತದೆ. ಗನ್ ಇಲ್ಲದ ಮನೆಗೆ ಇದೇ ಸರಿ. ಎನಾಮೆಲ್ ಮೇಲೆ ಎನ್‌ಸಿ ಹಚ್ಚಬಾರದು. ಅದರ ಕಡು ಥಿನ್ನರ್ ಕೆಳಗಿನ ಪದರವನ್ನು ಎಬ್ಬಿಸಿ ಮುದುಡಿಸುತ್ತದೆ. ಪ್ರೈಮರ್‌ನಿಂದ ಕೊನೆಯ ಕೋಟಿನವರೆಗೆ ಒಂದೇ ಜಾತಿ ಇರಲಿ. ಮೆಟಾಲಿಕ್ ಬಣ್ಣದ ಗಾಡಿಗೆ ರೋಲರ್ ನಡೆಯುವುದಿಲ್ಲ. ಅದರಲ್ಲಿನ ಲೋಹದ ಪುಡಿ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ.

ಘಿಸಾಯಿ: ಮುಕ್ಕಾಲು ಕೆಲಸ ಇದೇ

ಪೇಂಟರ್‌ಗಳ ಬಾಯಲ್ಲಿ ಮತ್ತು ನಮ್ಮ ಮನೆಯ ಉರ್ದುವಿನಲ್ಲಿ ಎಮರಿ ಪೇಪರಿನಿಂದ ಉಜ್ಜುವುದಕ್ಕೆ ಘಿಸಾಯಿ ಎಂದು ಹೆಸರು. ಅದಕ್ಕೂ ಮೊದಲು ಗಾಡಿಯನ್ನು ಸೋಪಿನಲ್ಲಿ ತೊಳೆದು ಒಣಗಿಸಿ, ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಬೇಕು. ಹಳೆಯ ಪಾಲಿಶಿನ ಜಿಡ್ಡು ಉಳಿದರೆ ಹೊಸ ಬಣ್ಣ ಅಲ್ಲಿ ಕೂರದೆ ಮೀನಿನ ಕಣ್ಣಿನಂಥ ಗುಳಿಗಳು ಏಳುತ್ತವೆ.

ಆಮೇಲೆ ತುಕ್ಕು. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ತಗಡಿನ ಸದ್ದು ಬೇರೆ, ತಿಂದುಹೋದ ತಗಡಿನ ಸದ್ದು ಬೇರೆ. ತಂತಿ ಬ್ರಷ್ ಮತ್ತು 80 ನಂಬರಿನ ಪೇಪರಿನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಬೇಕು. ತೂತಾಗಿದ್ದರೆ ಅದರ ಮೇಲೆ ಪುಟ್ಟಿ ಮೆತ್ತುವುದು ರಿಪೇರಿಯಲ್ಲ, ಮುಚ್ಚಿಡುವುದು. ಹಿಂದಿನಿಂದ ನೀರು ಬಂದು ಪುಟ್ಟಿ ಉದುರುತ್ತದೆ. ನಮ್ಮ ಗಾಡಿಯಲ್ಲಿ ಎರಡು ಕಡೆ ತೂತಿತ್ತು, ಎರಡಕ್ಕೂ ತಗಡಿನ ತೇಪೆ ವೆಲ್ಡಿಂಗ್ ಮಾಡಿಸಿದೆವು. ಚಾಸಿ, ನೆಲ, ಸೀಟ್ ಬೆಲ್ಟ್ ಕೂಡುವ ಜಾಗ ತಿಂದುಹೋಗಿದ್ದರೆ ಅದು ಮನೆಯ ಕೆಲಸವಲ್ಲ, ಮೆಕ್ಯಾನಿಕ್‌ಗೆ ತೋರಿಸಿ. ಬಾಗಿಲುಗಳ ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಅವು ಮಣ್ಣು ಕಟ್ಟಿದರೆ ತುಕ್ಕು ಒಳಗಿನಿಂದ ಬರುತ್ತದೆ. ತಂತಿ ಹಾಕಿ ಬಿಡಿಸಿ, ಇದಕ್ಕೆ ಖರ್ಚಿಲ್ಲ.

ತಗ್ಗುಗಳಿಗೆ ಹಾರ್ಡನರ್ ಬೆರೆಸುವ ಪಾಲಿಯೆಸ್ಟರ್ ಪುಟ್ಟಿಯನ್ನು ತೆಳುವಾಗಿ, ಬರಿ ಲೋಹದ ಮೇಲೆ ಹಚ್ಚಬೇಕು. ಬೆರೆಸಿದ ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗುವುದರಿಂದ ಒಂದು ಸಲಕ್ಕೆ ನಿಂಬೆಹಣ್ಣಿನಷ್ಟೇ ಕಲಸಿ. ಪುಟ್ಟಿ ನೀರು ಹೀರುತ್ತದೆ, ಆದ್ದರಿಂದ ಅದನ್ನು ಒಣಗಿದ ಪೇಪರಿನಿಂದಲೇ ಉಜ್ಜಬೇಕು. ಪೇಪರನ್ನು ಮರದ ತುಂಡಿಗೆ ಸುತ್ತಿಕೊಳ್ಳಿ. ಬೆರಳಿನಿಂದ ಉಜ್ಜಿದರೆ ಬೆರಳಿನಗಲದ ಗುಂಡಿಗಳು ಬೀಳುತ್ತವೆ. ನಂಬರ್ ಹೆಚ್ಚಿದಷ್ಟು ಪೇಪರ್ ನಯ: 80, 180, 320 ಎಂದು ಮೆಟ್ಟಿಲು ಹತ್ತಿದಂತೆ ಹೋಗಬೇಕು. ಮೆಟ್ಟಿಲು ಹಾರಿದರೆ ಹಿಂದಿನ ಗೀರು ಬಣ್ಣದ ಕೆಳಗೆ ಉಳಿಯುತ್ತದೆ.

ಪ್ರೈಮರ್

ಬರಿ ಲೋಹಕ್ಕೆ ಮೊದಲು ರೆಡ್ ಆಕ್ಸೈಡ್ ಪ್ರೈಮರ್. ಅದರ ಕೆಂಪು ಕೂಡ ಕಬ್ಬಿಣದ ಆಕ್ಸೈಡೇ. ಈಗಾಗಲೇ ಆಕ್ಸೈಡ್ ಆದದ್ದು ಇನ್ನು ತುಕ್ಕು ಹಿಡಿಯುವುದಿಲ್ಲ. ಅದು ಎಣ್ಣೆಯ ಅಂಟಿನಲ್ಲಿ ಕೂತು ಒಳಗಿನ ಕಬ್ಬಿಣಕ್ಕೆ ಹೊದಿಕೆಯಾಗುತ್ತದೆ. ಬಿಳಿ ಬಣ್ಣದ ಕೆಳಗೆ ಕೆಂಪು ಇಣುಕುವುದರಿಂದ ಅದರ ಮೇಲೆ ಬೂದು ಪ್ರೈಮರ್ ಹಚ್ಚಬೇಕು. ಮಾಮು ಹೇಳಿದ ಒಂದು ಉಪಾಯ: ಒಣಗಿದ ಬೂದು ಪ್ರೈಮರ್ ಮೇಲೆ ಕಪ್ಪು ಬಣ್ಣವನ್ನು ತೀರ ತೆಳುವಾಗಿ ಹಾಯಿಸಿ, ಒಣಗಿದ ಮೇಲೆ 400 ನಂಬರಿನಿಂದ ಉಜ್ಜಿ. ಎಲ್ಲಿ ಕಪ್ಪು ಉಳಿಯುತ್ತದೋ ಅಲ್ಲಿ ತಗ್ಗಿದೆ ಎಂದರ್ಥ. ಕಣ್ಣಿಗೆ ಕಾಣದ್ದನ್ನು ಇದು ತೋರಿಸುತ್ತದೆ.

ಬಣ್ಣ

ನಮ್ಮ ಕಡೆ ಆಷಾಢದ ಗಾಳಿಯಲ್ಲಿ ಈ ಕೆಲಸ ಆಗದು, ಒಣಗುವ ಮೊದಲೇ ದೂಳು ಕೂರುತ್ತದೆ. ನಾವು ಡಿಸೆಂಬರ್ ಮತ್ತು ಜನವರಿಯಲ್ಲಿ ಮಾಡಿದೆವು. ಇಬ್ಬನಿ ಆರಿದ ಮೇಲೆ ಒಂಬತ್ತಕ್ಕೆ ಶುರು, ಮಧ್ಯಾಹ್ನ ಎರಡಕ್ಕೆ ಮುಕ್ತಾಯ, ಸಂಜೆಯ ತಂಪು ಬೀಳುವಷ್ಟರಲ್ಲಿ ಮೇಲ್ಪದರ ಒಣಗಬೇಕು. ಕೆಲಸಕ್ಕೆ ಮೊದಲು ಅಂಗಳಕ್ಕೆ ನೀರು ಚಿಮುಕಿಸಿದರೆ ದೂಳು ಕೂರುತ್ತದೆ. ಗಾಜು, ದೀಪ, ರಬ್ಬರುಗಳ ಅಂಚಿಗೆ ಟೇಪ್, ಉಳಿದ ಜಾಗಕ್ಕೆ ಹಳೆ ಪೇಪರ್.

ಎನಾಮೆಲ್‌ಗೆ ಟರ್ಪಂಟೈನ್ ಬೆರೆಸಿ ತೆಳು ಮಜ್ಜಿಗೆಯಷ್ಟು ಹದ ಮಾಡಿಕೊಳ್ಳಬೇಕು. ಸ್ಪಂಜಿನ ಸಣ್ಣ ರೋಲರಿನಿಂದ ತೆಳುವಾಗಿ ಹಚ್ಚಿ. ಮೊದಲ ಕೋಟು ನೋಡಿ ಗಾಬರಿಯಾಗಬೇಡಿ, ಕೆಳಗಿನದೆಲ್ಲ ಕಾಣುತ್ತಲೇ ಇರುತ್ತದೆ. ದಪ್ಪ ಹಚ್ಚಿದರೆ ಇಳಿದು ಬರುತ್ತದೆ, ಮೇಲೆ ಒಣಗಿ ಒಳಗೆ ಹಸಿಯಾಗಿ ಉಳಿಯುತ್ತದೆ. ದಿನಕ್ಕೊಂದೇ ಕೋಟು, ಪ್ರತಿ ಎರಡು ಕೋಟಿಗೆ 800 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಘಿಸಾಯಿ. ನಮಗೆ ಆರು ಕೋಟು ಬೇಕಾಯಿತು. ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ಒಂದು ತಿಂಗಳು ಸೋಪು ತಾಗಿಸಬೇಡಿ. ಆಮೇಲೆ 1500, 2000 ನಂಬರಿನ ಪೇಪರ್, ಕೊನೆಗೆ ರಬ್ಬಿಂಗ್ ಕಾಂಪೌಂಡ್.

ಡಯಾಲಿಸಿಸ್ ದಿನಗಳಿಗೆ ಗಾಡಿ ಬೇಕೇ ಬೇಕಾದ್ದರಿಂದ ನಾವು ಒಂದು ಸಲಕ್ಕೆ ಒಂದೊಂದು ಭಾಗ ಮಾಡಿದೆವು. ಈ ವಾರ ಎಡಬಾಗಿಲು, ಮುಂದಿನ ವಾರ ಹಿಂಬಾಗಿಲು. ಗಾಡಿ ಕೆಲವು ವಾರ ಚಿತ್ತಾರವಾಗಿ ಓಡಾಡಿತು, ಆದರೆ ಒಂದು ದಿನವೂ ನಿಲ್ಲಲಿಲ್ಲ.

ಉಸಿರಿನ ಎಚ್ಚರ

ಹೊಳಪಿಗಾಗಿ ಅಂಗಡಿಯವರು ಪಿಯು ಅಥವಾ 2ಕೆ ಎಂಬ ಬಣ್ಣ ಕೊಡಲು ಬರಬಹುದು. ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಸ್ಪ್ರೇ ಮಾಡುವಾಗ ಅದು ಉಸಿರಿನಲ್ಲಿ ಹೋದರೆ ಅಸ್ತಮಾ ಬರಬಹುದು. ಅದನ್ನು ಹೊರಗಿನ ಶುದ್ಧ ಗಾಳಿ ಒದಗಿಸುವ ಮಾಸ್ಕ್ ಇರುವ ಬೂತಿನಲ್ಲಿ ಮಾತ್ರ ಹೊಡೆಯಬೇಕು, ಮನೆಯಲ್ಲಿ ಎಂದೂ ಬೇಡ. ಮೂಗಿಗೆ ಕಟ್ಟಿದ ಕರ್ಚೀಫು ಥಿನ್ನರ್ ಆವಿಯನ್ನು ತಡೆಯುವುದಿಲ್ಲ. ಕಾರ್ಬನ್ ಫಿಲ್ಟರ್ ಇರುವ ಮಾಸ್ಕ್ ಕೊಳ್ಳಿ. ಉಳಿತಾಯ ಮಾಡಬಾರದ ಖರ್ಚು ಇದೊಂದು. ಮನೆಗಳ ಬಣ್ಣಕ್ಕೆ ಸೀಸದ ಮಿತಿಯನ್ನು 90 ಪಿಪಿಎಂಗೆ ಇಳಿಸಿದ 2016ರ ನಿಯಮ ಕಾರಿನ ಬಣ್ಣಕ್ಕೆ ಅನ್ವಯಿಸುವುದಿಲ್ಲ. ಹಳೆಯ ಬಣ್ಣದಲ್ಲಿ ಸೀಸ ಇರಬಹುದೆಂದೇ ತಿಳಿದು ಅದನ್ನು ನೀರು ಹಾಕಿ ಉಜ್ಜಿ, ಮಕ್ಕಳನ್ನು ದೂರವಿಡಿ. ಬಣ್ಣ ಮೆತ್ತಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಎನಾಮೆಲ್ ಒಣಗುವಾಗ ಬಿಸಿಯಾಗುತ್ತದೆ, ಬೆಂಕಿ ಹತ್ತುವುದೂ ಉಂಟು. ಬಿಡಿಸಿ ಹರವಿ ಒಣಗಿಸಿ. ಬೀಡಿ, ಒಲೆ ಹತ್ತಿರ ಬೇಡ.

ನಮ್ಮ ಲೆಕ್ಕ

ಎಮರಿ, ವಾಟರ್ ಪೇಪರ್ 40 ಹಾಳೆ: ರೂ. 600
ಪುಟ್ಟಿ, ಹಾರ್ಡನರ್: ರೂ. 350
ರೆಡ್ ಆಕ್ಸೈಡ್ ಪ್ರೈಮರ್ 1 ಲೀಟರ್: ರೂ. 220
ಬೂದು ಪ್ರೈಮರ್ 2 ಲೀಟರ್: ರೂ. 640
ಬಿಳಿ ಎನಾಮೆಲ್ 4 ಲೀಟರ್: ರೂ. 1,500
ಟರ್ಪಂಟೈನ್, ಥಿನ್ನರ್: ರೂ. 560
ರೋಲರ್, ಬ್ರಷ್, ಟೇಪ್: ರೂ. 480
ಮಾಸ್ಕ್, ಕೈಗವಸು, ಕನ್ನಡಕ: ರೂ. 650
ವೆಲ್ಡಿಂಗ್ ತೇಪೆ ಎರಡು: ರೂ. 800
ರಬ್ಬಿಂಗ್ ಕಾಂಪೌಂಡ್: ರೂ. 240
ಒಟ್ಟು: ರೂ. 6,040

ಇದರಲ್ಲಿ ಮೇಲೆ ಕಾಣುವ ಬಿಳಿ ಬಣ್ಣದ ಪಾಲು ಕಾಲು ಭಾಗ ಮಾತ್ರ. ಕಾಮರ್ಸ್ ವಿದ್ಯಾರ್ಥಿಗಳು ಇಲ್ಲಿಗೇ ನಿಲ್ಲಿಸಬಾರದು. ನಾವಿಬ್ಬರೂ ಸೇರಿ 74 ಗಂಟೆ ದುಡಿದೆವು. ದಿನಕ್ಕೆ 8 ಗಂಟೆ, 500 ರೂಪಾಯಿ ಕೂಲಿ ಎಂದರೆ ಅದರ ಬೆಲೆ 4,625. ಅದನ್ನು ಸೇರಿಸಿದರೆ ನಿಜವಾದ ವೆಚ್ಚ 10,665. ಹಾಗೆಯೇ ಗ್ಯಾರೇಜಿನ 22,000ಕ್ಕೆ, ಆ 10 ದಿನಗಳಲ್ಲಿ ಕೂಡ್ಲಿಗಿಗೆ ಮೂರು ಸಲ ಬಾಡಿಗೆ ಕಾರಿಗೆ ಕೊಡಬೇಕಿದ್ದ 4,500 ಸೇರಿಸಬೇಕು. ಆಗ ಅದು 26,500. ಹಾಗೆಂದು ಗ್ಯಾರೇಜಿನವರು ಹೆಚ್ಚು ಕೇಳಿದರು ಎಂದಲ್ಲ. ಗನ್ನಿನಿಂದ ಬರುವ ಹೊಳಪು ರೋಲರಿಗೆ ಬಾರದು, ಹತ್ತಿರ ನಿಂತರೆ ನಮ್ಮ ಗಾಡಿಯ ಮೇಲೆ ಕಿತ್ತಳೆ ಸಿಪ್ಪೆಯಂಥ ನವಿರು ತರಿ ಕಾಣುತ್ತದೆ. 74 ಗಂಟೆ ಉಜ್ಜಿದ ಕೈಗೆ ಪೇಂಟರ್‌ಗಳ ಕೂಲಿ ಏಕೆ ಅಷ್ಟು ಎಂಬುದು ಚೆನ್ನಾಗಿ ಗೊತ್ತು.

ಅಕೌಂಟೆನ್ಸಿಯಲ್ಲಿ ಇದನ್ನು ಎಲ್ಲಿ ಬರೆಯಬೇಕು? ವ್ಯಾಪಾರಿಯೊಬ್ಬರು ತಮ್ಮ ಬಳಕೆಯಲ್ಲಿರುವ ಗಾಡಿಗೆ ಬಣ್ಣ ಹೊಡೆಸಿದರೆ ಅದು ರಾಜಸ್ವ ವೆಚ್ಚ. ಹಳೆಯ ಗಾಡಿ ಕೊಂಡು, ಬಳಕೆಗೆ ತರುವ ಮೊದಲು ಬಣ್ಣ ಹೊಡೆಸಿದರೆ ಅದು ಬಂಡವಾಳ ವೆಚ್ಚ, ಗಾಡಿಯ ಬೆಲೆಗೇ ಸೇರುತ್ತದೆ. ಬಣ್ಣ ಒಂದೇ, ಖಾತೆ ಬೇರೆ. ಪರೀಕ್ಷೆಗೂ ಉಪಯೋಗವಾದೀತು.

ಕೊನೆಯದಾಗಿ ಒಂದು ಮಾತು. ಹಂಪಿಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂದು ನಮ್ಮೂರಿನ ಮರುಳಸಿದ್ಧೇಶ್ವರ ದೇವಸ್ಥಾನದ ಬಗ್ಗೆ ಜನ ಹೇಳುತ್ತಾರೆ. ಹಳೆಯ ಗಾಡಿ ಕೊಳ್ಳುವವರೂ ಒಳಗೆ ನೋಡುವುದು ಒಳ್ಳೆಯದು. ಹೊಸ ಬಣ್ಣ ತುಕ್ಕನ್ನು ತಡೆಯಲೂಬಹುದು, ಮುಚ್ಚಿಡಲೂಬಹುದು. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ತೇವ ಕಂಡಾಗ, ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತು ಎಂದು ಪ್ರವಾದಿ(ಸ) ವ್ಯಾಪಾರಿಗೆ ತಿಳಿಹೇಳಿದ ಪ್ರಸಂಗ ನಮ್ಮಲ್ಲಿ ಅನೇಕರಿಗೆ ಗೊತ್ತು. ವೆಲ್ಡಿಂಗ್ ತೇಪೆಗಳು ಬಣ್ಣದ ಕೆಳಗೆ ಮರೆಯಾಗುವ ಮೊದಲು ಅಬ್ಬಾ ಅವುಗಳ ಫೋಟೋ ತೆಗೆಸಿ ಆರ್‌ಸಿ ಇರುವ ಫೈಲಿನಲ್ಲಿ ಇಟ್ಟಿದ್ದಾರೆ. ಮುಂದೆ ಈ ಗಾಡಿಯನ್ನು ಯಾರೇ ಕೊಂಡರೂ ಮೊದಲು ಅವನ್ನು ತೋರಿಸಿ, ಆಮೇಲೆ ಬೆಲೆ ಮಾತಾಡುವುದಂತೆ.