ಟ್ರ್ಯಾಕ್ಟರ್ ಟ್ರೇಲರ್‌ಗಳ ಆಕ್ಸಲ್ ಮತ್ತು ಟೈರುಗಳ ಅಸಮ ಸವೆತ: ಮಾಲೀಕರು ಹಾಗೂ ಚಾಲಕರಿಗೆ ಮಾಹಿತಿ

ಪೀಠಿಕೆ

ಗೌರಿಬಿದನೂರು ತಾಲ್ಲೂಕಿನಲ್ಲಿ ಮುಸುಕಿನ ಜೋಳ, ರಾಗಿ, ನೆಲಗಡಲೆ ಮೊದಲಾದ ಫಸಲುಗಳ ಸಾಗಣೆಗೆ ಟ್ರ್ಯಾಕ್ಟರ್ ಟ್ರೇಲರ್‌ಗಳು ವ್ಯಾಪಕವಾಗಿ ಬಳಕೆಯಲ್ಲಿವೆ. ಬಿಡುವಿನ ಕಾಲದಲ್ಲಿ ಇವೇ ಟ್ರೇಲರ್‌ಗಳಲ್ಲಿ ಇಟ್ಟಿಗೆ, ಕಲ್ಲು, ಗೊಬ್ಬರ ಸಾಗಿಸುವುದುಂಟು. ಹೊಲದ ಬಂಡಿದಾರಿಯಲ್ಲಿ ಹೊರಟ ಟ್ರೇಲರ್ ದೊಡ್ಡಬಳ್ಳಾಪುರ–ಹಿಂದೂಪುರ ಮಾರ್ಗದ ರಾಜ್ಯ ಹೆದ್ದಾರಿ 9 ಅಥವಾ ಮಧುಗಿರಿ–ಚಿಕ್ಕಬಳ್ಳಾಪುರ ಮಾರ್ಗದ ರಾಷ್ಟ್ರೀಯ ಹೆದ್ದಾರಿ 69ನ್ನು ಸೇರಿದಾಗ, ಅದರ ಟೈರುಗಳ ಸ್ಥಿತಿಯು ಮಾಲೀಕರ ಖರ್ಚಿಗೆ ಮಾತ್ರವಲ್ಲದೆ ಇತರ ರಸ್ತೆ ಬಳಕೆದಾರರ ಪ್ರಾಣಕ್ಕೂ ಸಂಬಂಧಿಸಿದ ವಿಷಯವಾಗುತ್ತದೆ.

ಟೈರು ಒಂದು ಬದಿಯಲ್ಲಿ ಮಾತ್ರ ಸವೆದಾಗ ದೋಷವನ್ನು ಟೈರಿನ ಮೇಲೆ ಹೊರಿಸಿ ಹೊಸದನ್ನು ಹಾಕಿಸುವುದು ಸಾಮಾನ್ಯ. ಆದರೆ ಬಹುಪಾಲು ಸಂದರ್ಭಗಳಲ್ಲಿ ಕಾರಣವಿರುವುದು ಆಕ್ಸಲ್, ಸ್ಪ್ರಿಂಗ್, ಬೇರಿಂಗ್, ಗಾಳಿಯ ಒತ್ತಡ ಅಥವಾ ಹೊರೆಯಲ್ಲಿ. ಮೂಲ ಕಾರಣವನ್ನು ಸರಿಪಡಿಸದಿದ್ದರೆ ಹೊಸ ಟೈರೂ ಅದೇ ರೀತಿ ಸವೆಯುತ್ತದೆ.

ಸವೆತದ ರೀತಿ ಮತ್ತು ಅದರ ಕಾರಣ

1. ನಡುಭಾಗ ಮಾತ್ರ ಸವೆದಿದ್ದರೆ: ಗಾಳಿಯ ಒತ್ತಡ ಹೆಚ್ಚಾಗಿದೆ.

2. ಎರಡೂ ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ: ಹೊರೆಗೆ ತಕ್ಕಷ್ಟು ಗಾಳಿ ಇಲ್ಲ. ಇಂತಹ ಟೈರಿನ ಪಕ್ಕಗಳು ಓಡುವಾಗ ಪದೇ ಪದೇ ಮಡಿಚಿ ಬಿಸಿಯೇರುವುದರಿಂದ ಟೈರು ಸಿಡಿಯುವ ಅಪಾಯವಿರುತ್ತದೆ.

3. ಎಡ ಬಲ ಎರಡೂ ಟೈರುಗಳ ಒಳ ಅಂಚು ಸವೆದಿದ್ದರೆ: ಆಕ್ಸಲ್ ಬಾಗಿರುವ ಸಂಭವವಿದೆ. ಹೊರೆಯು ಸ್ಪ್ರಿಂಗ್‌ಗಳ ಮೂಲಕ ಆಕ್ಸಲ್‌ನ ಒಳಭಾಗದ ಮೇಲೆ ಬೀಳುತ್ತದೆ. ಅದನ್ನು ತುದಿಗಳಲ್ಲಿ ಚಕ್ರಗಳು ಹೊರುತ್ತವೆ. ಮಿತಿಮೀರಿದ ಹೊರೆಯಿಂದ ಆಕ್ಸಲ್‌ನ ನಡುಭಾಗ ಕೆಳಕ್ಕೆ ಬಾಗಿದಾಗ ಚಕ್ರಗಳ ಮೇಲ್ಭಾಗ ಒಳಕ್ಕೆ ವಾಲಿ, ಭಾರವು ಒಳ ಅಂಚಿನ ಮೇಲೆ ಬೀಳುತ್ತದೆ. ಹೊರೆ ಇಳಿಸಿದ ಮೇಲೂ ಈ ಬಾಗು ಹಾಗೆಯೇ ಉಳಿಯಬಹುದು.

4. ಟೈರಿನ ಮೇಲ್ಮೈ ಒಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ಹರಿತವಾಗಿದ್ದರೆ: ಚಕ್ರವು ಉರುಳುವುದರ ಜೊತೆಗೆ ಅಡ್ಡಡ್ಡಲಾಗಿ ಉಜ್ಜುತ್ತಿದೆ. ಸೆಂಟರ್ ಬೋಲ್ಟ್ ತುಂಡಾಗಿ ಅಥವಾ ಯು-ಬೋಲ್ಟ್ ಸಡಿಲವಾಗಿ ಆಕ್ಸಲ್ ಸ್ಥಾನಪಲ್ಲಟವಾದಾಗ ಹೀಗಾಗುತ್ತದೆ.

5. ಅಲ್ಲಲ್ಲಿ ಗುಳಿ ಬಿದ್ದಂತೆ ಸವೆದಿದ್ದರೆ: ಹಬ್ ಬೇರಿಂಗ್ ಸಡಿಲವಾಗಿರಬಹುದು ಅಥವಾ ಸವೆದಿರಬಹುದು.

ಮಾಲೀಕರು ಸ್ವತಃ ಮಾಡಬಹುದಾದ ಪರೀಕ್ಷೆಗಳು

1. ಖಾಲಿ ಟ್ರೇಲರನ್ನು ಸಮತಟ್ಟಾದ ನೆಲದಲ್ಲಿ ನೇರವಾಗಿ ನಿಲ್ಲಿಸಿ, ಎರಡು ಚಕ್ರದ ಟ್ರೇಲರ್ ಆದಲ್ಲಿ ಮುಂದಿನ ಕೊಂಡಿಯ ನಡುಬಿಂದುವಿನಿಂದ ಎಡ ಹಾಗೂ ಬಲ ಹಬ್‌ಗಳ ನಡುಬಿಂದುವಿಗೆ ಟೇಪಿನಿಂದ ಅಳೆಯಬೇಕು. ನಾಲ್ಕು ಚಕ್ರದ ಟ್ರೇಲರ್ ಆದಲ್ಲಿ ಮುಂದಿನ ಆಕ್ಸಲನ್ನು ನೇರವಾಗಿರಿಸಿ, ಮುಂದಿನ ಮತ್ತು ಹಿಂದಿನ ಹಬ್‌ಗಳ ನಡುವಣ ಅಂತರವನ್ನು ಎರಡೂ ಬದಿಗಳಲ್ಲಿ ಅಳೆಯಬೇಕು. ಎರಡು ಅಳತೆಗಳೂ ಸಮನಾಗಿರಬೇಕು.

2. ಟ್ರೇಲರನ್ನು ಜಾಕ್‌ನಿಂದ ಎತ್ತಿ, ಗಟ್ಟಿಯಾದ ಆಸರೆ ಕೊಟ್ಟು, ಇತರ ಚಕ್ರಗಳಿಗೆ ಕಲ್ಲು ಕೊಟ್ಟ ನಂತರವೇ ಚಕ್ರದ ಮೇಲ್ಭಾಗ ಮತ್ತು ಕೆಳಭಾಗವನ್ನು ಹಿಡಿದು ಅಲುಗಿಸಿ ನೋಡಬೇಕು. ಅಲುಗಾಟ ಕಂಡರೆ ಬೇರಿಂಗ್ ಪರೀಕ್ಷಿಸಿ ಗ್ರೀಸ್ ತುಂಬಿಸಬೇಕು. ಆಸರೆಯಿಲ್ಲದೆ ಕೇವಲ ಜಾಕ್ ಮೇಲೆ ನಿಂತ ಟ್ರೇಲರ್‌ನ ಕೆಳಗೆ ಯಾರೂ ಹೋಗತಕ್ಕದ್ದಲ್ಲ.

3. ಗಾಳಿಯ ಒತ್ತಡವನ್ನು ಬೆಳಿಗ್ಗೆ ಹೊರಡುವ ಮುನ್ನ, ಟೈರು ತಣ್ಣಗಿರುವಾಗ, ತಯಾರಕರು ಸೂಚಿಸಿದ ಪ್ರಮಾಣಕ್ಕೆ ಸರಿಹೊಂದಿಸಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚಾಗಿ ಕಾಣುತ್ತದೆ. ಅದನ್ನು ನೋಡಿ ಗಾಳಿ ಬಿಡಬಾರದು.

ಟೈರುಗಳನ್ನು ಎಡದಿಂದ ಬಲಕ್ಕೆ ಬದಲಿಸುವುದಿದ್ದರೆ ದೋಷ ಸರಿಪಡಿಸಿದ ನಂತರವೇ ಬದಲಿಸುವುದು ಸೂಕ್ತ. ಮೊದಲೇ ಬದಲಿಸಿದರೆ ಸವೆತದ ಗುರುತು ಮರೆಯಾಗಿ, ದೋಷ ಪತ್ತೆಯಾಗುವುದು ತಡವಾಗುತ್ತದೆ.

ಖರ್ಚಿನ ಲೆಕ್ಕ

ಉದಾಹರಣೆಗೆ, ನಾಲ್ಕು ವರ್ಷ ಬಾಳಬೇಕಾದ ಟೈರು ಎರಡೇ ವರ್ಷಕ್ಕೆ ಮುಗಿದರೆ ವಾರ್ಷಿಕ ಟೈರು ವೆಚ್ಚ ಇಮ್ಮಡಿಯಾಗುತ್ತದೆ. ಚಕ್ರ ಉಜ್ಜುತ್ತಾ ಸಾಗುವುದರಿಂದ ಡೀಸೆಲ್ ಸಹ ಹೆಚ್ಚು ಬೇಕಾಗುತ್ತದೆ. ಒಂದು ಬಾರಿಗೆ ಹೆಚ್ಚು ಹೇರಿ ಒಂದು ಸುತ್ತಿನ ಡೀಸೆಲ್ ಉಳಿಸಿದೆವೆಂಬ ಲೆಕ್ಕದಲ್ಲಿ ಬಾಗಿದ ಆಕ್ಸಲ್ ಮತ್ತು ಸವೆದ ಟೈರಿನ ವೆಚ್ಚವನ್ನು ಸೇರಿಸಿರುವುದಿಲ್ಲ ಎಂಬುದನ್ನು ಗಮನಿಸಬೇಕು.

ಕಾನೂನಿನ ಅಂಶಗಳು

1. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 113ರ ಮೇರೆಗೆ, ನೋಂದಣಿ ಪ್ರಮಾಣಪತ್ರದಲ್ಲಿ ನಮೂದಿಸಿದ ಒಟ್ಟು ತೂಕವನ್ನು ಮೀರಿ ಹೊರೆ ಹೇರಿದ ವಾಹನವನ್ನಾಗಲಿ ಟ್ರೇಲರನ್ನಾಗಲಿ ಚಲಾಯಿಸತಕ್ಕದ್ದಲ್ಲ.

2. 2019ರಲ್ಲಿ ತಿದ್ದುಪಡಿಯಾದ ಪ್ರಕರಣ 194ರಲ್ಲಿ ಅಧಿಕ ಹೊರೆಗೆ ರೂ. 20,000 ಮತ್ತು ಹೆಚ್ಚುವರಿ ಪ್ರತಿ ಟನ್ನಿಗೆ ರೂ. 2,000 ದಂಡವನ್ನು ವಿಧಿಸಲು ಅವಕಾಶವಿದೆ. ಹೆಚ್ಚುವರಿ ಸರಕನ್ನು ಇಳಿಸುವ ವೆಚ್ಚವೂ ತಪ್ಪಿತಸ್ಥರದೇ.

3. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 94 ಟೈರುಗಳ ಸ್ಥಿತಿಯನ್ನು ಕುರಿತದ್ದು. ಒಳಗಿನ ನೂಲು ಕಾಣುವಷ್ಟು ಸವೆದ ಟೈರನ್ನು ರಸ್ತೆಯಲ್ಲಿ ಬಳಸುವಂತಿಲ್ಲ. ಒಂದು ಅಂಚು ಮಾತ್ರ ಸವೆದಿದ್ದು ಉಳಿದ ಭಾಗ ಚೆನ್ನಾಗಿದೆ ಎಂಬುದು ಸಮರ್ಥನೆಯಾಗದು. ಟೈರು ಸಿಡಿಯುವುದು ಅದರ ಅತ್ಯಂತ ದುರ್ಬಲ ಭಾಗದಲ್ಲಿಯೇ.

ಮನವಿ

ಹೊರೆ ತುಂಬಿದ ಟ್ರೇಲರ್‌ನ ಒಂದು ಟೈರು ಸಿಡಿದರೆ ಟ್ರೇಲರ್ ಆ ಬದಿಗೆ ವಾಲಿ ಉರುಳಬಹುದು, ಟ್ರ್ಯಾಕ್ಟರನ್ನೂ ಎಳೆದು ಕೆಡವಬಹುದು. ಆ ಹೊತ್ತಿನಲ್ಲಿ ಮೂಟೆಗಳ ಮೇಲೆ ಕುಳಿತ ಕೂಲಿಕಾರರಿಗೆ ಯಾವ ರಕ್ಷಣೆಯೂ ಇರುವುದಿಲ್ಲ. ಆದ್ದರಿಂದ ಸರಕಿನ ಟ್ರೇಲರ್‌ನಲ್ಲಿ ಜನರನ್ನು ಕೂರಿಸಬಾರದು. ಪ್ರತಿ ಸುಗ್ಗಿಯ ಆರಂಭಕ್ಕೆ ಮುನ್ನ ಮೇಲಿನ ಪರೀಕ್ಷೆಗಳನ್ನು ಮಾಡಿಸಿಕೊಂಡು, ನಿಗದಿತ ಮಿತಿಯಲ್ಲಿಯೇ ಹೊರೆ ಹೇರಿ, ಸುರಕ್ಷಿತ ಸಂಚಾರಕ್ಕೆ ಸಹಕರಿಸಬೇಕೆಂದು ಮಾಲೀಕರು ಹಾಗೂ ಚಾಲಕರನ್ನು ಕೋರಲಾಗಿದೆ.