ಏಕಪಕ್ಷೀಯ ಡಿಕ್ರಿ ರದ್ದತಿ: ಷರತ್ತನ್ನೂ ಪ್ರಶ್ನಿಸಬಹುದು

‘ಏಕಪಕ್ಷೀಯ ಡಿಕ್ರಿ ರದ್ದಾಗಬೇಕಿದ್ದರೆ ಡಿಕ್ರಿಯ ಹಣ ಪೂರ್ತಿ ಕಟ್ಟಲೇಬೇಕು, ಅದು ಕಾನೂನು’ ಎಂದು ನಂಬಿದ ಕಕ್ಷಿದಾರರು ಬಹಳ. ಇದು ತಪ್ಪು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶ, 13ನೇ ನಿಯಮದ ಪ್ರಕಾರ ಪ್ರತಿವಾದಿ ಎರಡರಲ್ಲಿ ಒಂದನ್ನು ತೋರಿಸಬೇಕು: ಸಮನ್ಸ್ ಸರಿಯಾಗಿ ಜಾರಿಯಾಗಿರಲಿಲ್ಲ, ಇಲ್ಲವೇ ಗೈರುಹಾಜರಿಗೆ ಸಾಕಷ್ಟು ಕಾರಣವಿತ್ತು. ತೋರಿಸಿದರೆ ಡಿಕ್ರಿ ರದ್ದಾಗಬೇಕು. ಆಗ ಖರ್ಚು, ಠೇವಣಿ ಮುಂತಾದ ಷರತ್ತು ಹಾಕುವುದು ನ್ಯಾಯಾಲಯದ ವಿವೇಚನೆ, ಕಡ್ಡಾಯವಲ್ಲ. 1887ರ ಪ್ರಾಂತೀಯ ಸ್ಮಾಲ್ ಕಾಸ್ ಕೋರ್ಟ್ ಕಾಯ್ದೆ ಅನ್ವಯಿಸುವ ಕಡೆ ಮಾತ್ರ ಮಾತು ಬೇರೆ. ಅದರ 17ನೇ ಕಲಮಿನಂತೆ ಅರ್ಜಿ ಹಾಕುವಾಗಲೇ ಹಣ ಕಟ್ಟಬೇಕು, ಇಲ್ಲವೇ ಭದ್ರತೆ ಕೊಡಬೇಕು. ಆ ವಿಶೇಷ ನಿಯಮವನ್ನು ಎಲ್ಲ ದಾವೆಗಳಿಗೂ ಹೊಂದಿಸಿ ಮಾತಾಡುವುದು ಸರಿಯಲ್ಲ.

ಇನ್ನೊಂದು ನಂಬಿಕೆ ಇದಕ್ಕಿಂತ ಹಾನಿಕರ: ಷರತ್ತೆಂದರೆ ಕೋರ್ಟಿಗೆ ಬಾರದವನಿಗೆ ಶಿಕ್ಷೆ. ಅಲ್ಲ. ಪ್ರತಿವಾದಿಯ ಗೈರಿನಿಂದ ವಾದಿಗೆ ಕಾಲ, ಹಣ ಎರಡೂ ವ್ಯರ್ಥವಾಗಿರುತ್ತವೆ. ಅದನ್ನು ತುಂಬಿಕೊಡುವುದು ಖರ್ಚಿನ ಉದ್ದೇಶ. ಪ್ರತಿವಾದಿ ಆಸ್ತಿ ಪರಭಾರೆ ಮಾಡಿ ಕೈಯೆತ್ತುವ ಭಯವಿದ್ದರೆ ಠೇವಣಿಗೂ ಅರ್ಥವಿದೆ. ಆದರೆ ಆಸ್ಪತ್ರೆಯಲ್ಲಿ ಮಲಗಿದ್ದವರು ಡಿಕ್ರಿಯ ಸುದ್ದಿ ತಿಳಿದ ವಾರದಲ್ಲೇ ಅರ್ಜಿ ಹಾಕಿದ್ದರೆ, ಅವರ ತಕರಾರಿನಲ್ಲಿ ಹುರುಳಿದ್ದರೆ, ಅಷ್ಟೂ ಮೊತ್ತ ಕಟ್ಟಿ ಎನ್ನುವುದು ಒಂದು ಕೈಯಲ್ಲಿ ಬಾಗಿಲು ತೆರೆದು ಇನ್ನೊಂದರಲ್ಲಿ ಚಿಲಕ ಹಾಕಿದಂತೆ. ಕೂಲಿಯ ಮೇಲೆ ಬದುಕುವವರಿಗೆ ಲಕ್ಷಗಳ ಠೇವಣಿ ಕೇಳುವುದು ವಿಚಾರಣೆಯನ್ನೇ ನಿರಾಕರಿಸುವುದಕ್ಕೆ ಸಮ ಎಂಬುದು ನನ್ನ ದೃಢ ಅಭಿಪ್ರಾಯ. ಸಮನ್ಸೇ ಮುಟ್ಟದಿದ್ದಲ್ಲಿ ಪ್ರತಿವಾದಿಯ ತಪ್ಪೇನೂ ಇಲ್ಲ. ಭಾರೀ ಷರತ್ತನ್ನು ಪ್ರಶ್ನಿಸಲು ಇದಕ್ಕಿಂತ ಗಟ್ಟಿ ಆಧಾರ ಸಿಗುವುದು ಕಷ್ಟ. ಹೀಗಾಗಿ ಆದೇಶದಲ್ಲಿ ಮೊದಲು ನೋಡಬೇಕಾದ್ದು ಮೊತ್ತಕ್ಕೆ ಕೊಟ್ಟ ಕಾರಣ. ಕಾರಣವೇ ಇಲ್ಲದ ಷರತ್ತು ಮೇಲಿನ ನ್ಯಾಯಾಲಯದಲ್ಲಿ ನಿಲ್ಲುವುದು ಸುಲಭವಲ್ಲ.

‘ಷರತ್ತು ಭಾರವಾದರೆ ಅಪೀಲು ಹೋದರಾಯಿತು’ ಎನ್ನುವುದೂ ಅರ್ಧಸತ್ಯ. 43ನೇ ಆದೇಶದ 1(ಡಿ) ನಿಯಮ ಅಪೀಲಿಗೆ ಅವಕಾಶ ಕೊಡುವುದು ಅರ್ಜಿ ತಿರಸ್ಕೃತವಾದಾಗ, ಅದೂ ದಾವೆ ಅಪೀಲಿಗೆ ಅರ್ಹವಾಗಿದ್ದರೆ. ಷರತ್ತಿನೊಂದಿಗೆ ಮಂಜೂರಾದ ಅರ್ಜಿ ಅದರೊಳಗೆ ನೇರವಾಗಿ ಬರುವುದಿಲ್ಲ. ಸಾಮಾನ್ಯವಾಗಿ ಉಳಿಯುವ ದಾರಿ, ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗೆ ಅರ್ಜಿ. ಸಿವಿಲ್ ನ್ಯಾಯಾಲಯಗಳ ನ್ಯಾಯಿಕ ಆದೇಶದ ವಿರುದ್ಧ 226ನೇ ವಿಧಿಯ ರಿಟ್ ನಡೆಯದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ರಾಧೇಶ್ಯಾಮ್ ಪ್ರಕರಣದಲ್ಲಿ ಹೇಳಿದೆ. 227ರ ಅಧಿಕಾರವೂ ಮೇಲ್ವಿಚಾರಣೆಯದು. ‘ಮೊತ್ತ ಸ್ವಲ್ಪ ಹೆಚ್ಚಾಯಿತು’ ಎಂದರೆ ಸಾಲದು, ವಿವೇಚನೆ ಎಲ್ಲಿ ಹಳಿ ತಪ್ಪಿತು ಎಂದು ದಾಖಲೆ ಇಟ್ಟು ತೋರಿಸಬೇಕು. ಮತ್ತೊಂದು: ಅರ್ಜಿ ಸಲ್ಲಿಸಿದಾಕ್ಷಣ ಷರತ್ತು ಪೂರೈಸುವ ಗಡುವು ನಿಲ್ಲುವುದಿಲ್ಲ, ಅಮಲ್ಜಾರಿಯೂ ನಿಲ್ಲುವುದಿಲ್ಲ. ತಡೆಯಾಜ್ಞೆ ಪ್ರತ್ಯೇಕವಾಗಿ ಕೇಳಿ ಪಡೆಯಬೇಕು.

ಗಡುವು ಮುಗಿದರೆ ಎಲ್ಲ ಮುಗಿಯಿತೇ? ಅದೂ ಇಲ್ಲ. ಸಂಹಿತೆಯ 148ನೇ ಕಲಮಿನಡಿ, ಮೊದಲ ಗಡುವು ದಾಟಿದ್ದರೂ ಕಾಲ ವಿಸ್ತರಿಸಬಹುದು. ಅವಧಿಯ ನಂತರವೂ ನ್ಯಾಯಾಲಯ ಕೈಕಟ್ಟಿ ಕೂರಬೇಕಿಲ್ಲವೆಂದು 1961ರಲ್ಲೇ ಮಹಾಂತ ರಾಮದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಗಡುವಿನೊಳಗೆ ಕೇಳುವವರ ಮಾತಿಗೆ ತೂಕ ಹೆಚ್ಚು. ಆಗುವಷ್ಟನ್ನು ಕಟ್ಟಿ, ಉಳಿದದ್ದಕ್ಕೆ ಕಾಲ ಅಥವಾ ಬದಲಿ ಭದ್ರತೆ ಕೇಳುವುದು ಒಳ್ಳೆಯದು.

ವಾದಿಗಳೂ ಎಚ್ಚರವಾಗಿರಬೇಕಾದ ಒಂದು ಜಾಗವಿದೆ. ಖರ್ಚು ಕೊಟ್ಟರೆ ಮಾತ್ರ ಡಿಕ್ರಿ ರದ್ದು ಎಂಬ ಆದೇಶವಾಗಿದ್ದು, ಆ ಹಣವನ್ನು ವಾದಿ ತಕರಾರಿಲ್ಲದೆ ಪಡೆದರೆ, ಅದೇ ಆದೇಶವನ್ನು ಮುಂದೆ ಪ್ರಶ್ನಿಸುವ ಹಕ್ಕು ಕೈತಪ್ಪಬಹುದು.